ಹಳೆಯ ಪದವನ್ನೇ ಹೇಳಿ ಎಂದವರು



ಬೀದರಿನಿಂದ ಔರಾದಿಗೆ ಹೋಗುವ ದಾರಿಯಲ್ಲಿ ಸಿಗುವ ನಮ್ಮ ಸಂತಪುರಕ್ಕೂ ಇಂಗ್ಲೆಂಡಿನ ರಾಕ್ ಸಂಗೀತಕ್ಕೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಕನ್ನಡ, ಮರಾಠಿ, ತೆಲುಗು, ಉರ್ದು, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ಗಡಿನಾಡಿನಲ್ಲಿ ಭಜನೆಯಿದೆ, ಮೊಹರಮ್ಮಿನ ಪದಗಳಿವೆ, ಅಭಂಗಗಳಿವೆ. ಗಿಟಾರಿನ ಆರ್ಭಟಕ್ಕೆ ಇಲ್ಲೇನು ಕೆಲಸ? ನಾನೂ ಹಾಗೆಯೇ ಎಣಿಸಿದ್ದೆ. ಆದರೆ ನಮ್ಮ ಮಕ್ಕಳು ಇಂದು ಹೈದರಾಬಾದು, ಪುಣೆ, ಬೆಂಗಳೂರುಗಳಲ್ಲಿ ದುಡಿಯುತ್ತಿದ್ದಾರೆ. ಹಬ್ಬಕ್ಕೆಂದು ಊರಿಗೆ ಬರುವಾಗ ಅವರ ಚೀಲದಲ್ಲಿ ಬಟ್ಟೆಬರೆಯ ಜೊತೆಗೆ ಅವರ ಹಾಡುಗಳೂ ಬರುತ್ತವೆ.

ಕಳೆದ ಕ್ರಿಸ್ತಜಯಂತಿಯ ರಜೆಗೆ ಬಂದಿದ್ದ ನನ್ನ ಅಣ್ಣನ ಮಗ ಕಪ್ಪು ಅಂಗಿಯೊಂದನ್ನು ತೊಟ್ಟಿದ್ದ. ಅದರ ಮೇಲೆ ಅಸ್ಥಿಪಂಜರದಂಥ ಒಂದು ವಿಕಾರ ಮುಖ. 'ಹಬ್ಬದಾಗ ಇದೇನ್ ದೆವ್ವದ ಚಿತ್ರ ಹಾಕ್ಕೊಂಡು ಬಂದೀಯೋ' ಎಂದು ಅತ್ತಿಗೆ ಗದರಿದರು. ಅದು 'ಐರನ್ ಮೇಡನ್' ಎಂಬ ಇಂಗ್ಲಿಷ್ ರಾಕ್ ತಂಡದ ಲಾಂಛನವೆಂದು ಹುಡುಗ ವಿವರಿಸಿದ. 1975ರಲ್ಲಿ ಹುಟ್ಟಿದ ಆ ತಂಡ ಐವತ್ತು ವರ್ಷ ತುಂಬಿದ್ದಕ್ಕಾಗಿ 2025ರಲ್ಲಿ ಲೋಕಸಂಚಾರ ಹೊರಟಿತ್ತು. ಅದರ ಹಾಡುಗಳ ಪಟ್ಟಿಯನ್ನು ಅವನು ಉತ್ಸಾಹದಿಂದ ತೋರಿಸಿದ. 1980ರಿಂದ 1992ರವರೆಗಿನ ಆಲ್ಬಂಗಳ ಹಾಡುಗಳನ್ನು ಬಿಟ್ಟು ಅದರಲ್ಲಿ ಬೇರೇನೂ ಇರಲಿಲ್ಲ. '92ರ ನಂತರ ಅವರು ಹಾಡನ್ನೇ ಕಟ್ಟಲಿಲ್ಲವೇ?' ಎಂದು ಕೇಳಿದೆ. 'ಕಟ್ಯಾರ ಕಾಕಾ, ಭಾಳ ಕಟ್ಯಾರ. ಆದ್ರ ಹೊಸಾದು ಹಾಡಿದ್ರ ಮಂದಿ ನೀರ್ ಕುಡ್ಯಾಕ ಹೋಗ್ತಾರ' ಎಂದು ನಕ್ಕ.

ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಆ ಹುಡುಗ ಹುಟ್ಟಿದ್ದು 1992ರ ಎಷ್ಟೋ ವರ್ಷಗಳ ನಂತರ. ಅಂದರೆ ತಾನು ಹುಟ್ಟುವ ಮುಂಚಿನ ಹಾಡುಗಳೇ ಅವನಿಗೂ ಬೇಕಾಗಿವೆ! ಹಿರಿಯ ಕಲಾವಿದನೊಬ್ಬ ಹೊಸದನ್ನು ಕೊಟ್ಟಾಗ ನಾವು ಅದನ್ನು ಹೇಗೆ ಸ್ವೀಕರಿಸುತ್ತೇವೆ? ವಿಮರ್ಶಕರು ಯಾವ ಅಳತೆಗೋಲಿನಿಂದ ಅಳೆಯುತ್ತಾರೆ? ಅಭಿಮಾನಿಗಳು ಯಾವ ಹೃದಯದಿಂದ ಕೇಳುತ್ತಾರೆ? ಈ ಪ್ರಶ್ನೆಗಳನ್ನು ನಿಮ್ಮೊಡನೆ ಹಂಚಿಕೊಳ್ಳುವುದಕ್ಕಾಗಿಯೇ ಈ ಬರಹ. ನನ್ನದೊಂದು ತಪ್ಪೊಪ್ಪಿಗೆಯೂ ಇದರಲ್ಲಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಒಂದೇ ಮೈದಾನ, ಹಲವು ಹಾಡು

ಈ ಕಥೆಯ ಬಹುಭಾಗ ನಮ್ಮ ರಾಜಧಾನಿಯ ಅರಮನೆ ಮೈದಾನದಲ್ಲೇ ನಡೆದಿದೆ. 2003ರ ಏಪ್ರಿಲ್ 4ರಂದು 'ರೋಲಿಂಗ್ ಸ್ಟೋನ್ಸ್' ತಂಡ ಮಳೆಯ ನಡುವೆ ಹಾಡಿದ್ದು ಅಲ್ಲಿ. 2005ರಲ್ಲಿ ಸಿ. ಅಶ್ವಥ್ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಕನ್ನಡಿಗರು ಕಡಲಿನಂತೆ ಹರಿದುಬಂದದ್ದು ಅಲ್ಲಿ. 2007ರ ಮಾರ್ಚ್ 17ರಂದು ಐರನ್ ಮೇಡನ್ ಭಾರತದ ನೆಲದಲ್ಲಿ ಮೊದಲ ಬಾರಿಗೆ ಹಾಡಿದ್ದು ಅಲ್ಲಿ. 2011ರ ಅಕ್ಟೋಬರ್ 30ರಂದು ಅಮೆರಿಕದ 'ಮೆಟಾಲಿಕಾ' ತಂಡ ಬಂದದ್ದೂ ಅಲ್ಲಿಗೇ. ದೂರದ ಊರುಗಳಿಂದ ರೈಲು, ಬಸ್ಸುಗಳಲ್ಲಿ ಬಂದ ತರುಣರು ತಮಗೆ ಬಾಯಿಪಾಠವಾಗಿದ್ದ ಇಂಗ್ಲಿಷ್ ಹಾಡುಗಳನ್ನು ಹಾಡಿದವರೊಡನೆಯೇ ಹಾಡಿದರು. ಬಂದ ತಂಡಗಳೆಲ್ಲ ಹಿರಿಯ ತಂಡಗಳೇ. ನೆರೆದವರು ಬಯಸಿದ್ದು ಬಹುಮಟ್ಟಿಗೆ ಹಳೆಯ ಹಾಡುಗಳನ್ನೇ.

ಮೊದಲು ಸ್ಟೋನ್ಸ್ ತಂಡದ ಮಾತು. 2023ರ ಅಕ್ಟೋಬರಿನಲ್ಲಿ ಅವರ 'ಹ್ಯಾಕ್ನಿ ಡೈಮಂಡ್ಸ್' ಆಲ್ಬಂ ಹೊರಬಂತು. ಸ್ವಂತ ಹಾಡುಗಳ ಆಲ್ಬಂ ಬಂದು ಆಗಲೇ 18 ವರ್ಷಗಳಾಗಿದ್ದವು. ಗಾಯಕ ಮಿಕ್ ಜಾಗರ್ ಅವರಿಗೆ 80 ತುಂಬಿತ್ತು. ಆರು ದಶಕ ಜೊತೆಗಿದ್ದ ಡ್ರಮ್ ವಾದಕ ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡಿದ್ದರು. ಅವರು ಬದುಕಿದ್ದಾಗ ನುಡಿಸಿಟ್ಟ ಎರಡು ಹಾಡುಗಳು ಇದರಲ್ಲಿವೆ. ವಿಮರ್ಶಕರು ಬಹಳವಾಗಿ ಮೆಚ್ಚಿದರು. 2025ರಲ್ಲಿ ಅತ್ಯುತ್ತಮ ರಾಕ್ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆದರೆ ಅವರು ಮೆಚ್ಚಿದ ಬಗೆಯನ್ನು ಗಮನಿಸಿರಿ. '1978ರ ನಂತರದ ಅತ್ಯುತ್ತಮ ಆಲ್ಬಂ' ಎಂದರು ಕೆಲವರು. '1981ರ ನಂತರದ ಅತ್ಯುತ್ತಮ' ಎಂದರು ಮತ್ತೆ ಕೆಲವರು. 'ಈ ವಯಸ್ಸಿನಲ್ಲಿ ಇಷ್ಟು ಹುರುಪೇ!' ಎಂದು ಬೆರಗಾದವರೂ ಇದ್ದರು.

ಇವು ಹೊಗಳಿಕೆಯ ಮಾತುಗಳೇ. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಇವುಗಳಲ್ಲಿ ಹೊಸ ಹಾಡಿನ ಬಗ್ಗೆ ಒಂದಕ್ಷರವೂ ಇಲ್ಲ. ಮೊದಲನೆಯದು ಹಳೆಯದರ ಹೊಗಳಿಕೆ, ಎರಡನೆಯದು ವಯಸ್ಸಿಗೆ ಕೊಟ್ಟ ರಿಯಾಯಿತಿ. ಮನೆಯ ಹಿರಿಯರು ಹೊಲದಲ್ಲಿ ಒಂದು ಸಾಲು ಕಳೆ ತೆಗೆದರೆ 'ಮುತ್ಯಾ ಇನ್ನೂ ಗಟ್ಟಿ ಅದಾನ' ಎಂದು ಬೆನ್ನು ತಟ್ಟುತ್ತೇವಲ್ಲ, ಇದೂ ಅಂಥದೇ. ಸಾಲು ನೇರವಾಗಿದೆಯೇ, ಕಳೆ ಬೇರುಸಹಿತ ಬಂದಿದೆಯೇ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಕಲಾವಿದನಿಗೆ ರಿಯಾಯಿತಿ ಬೇಕಿಲ್ಲ. ತಾನು ಮಾಡಿದ್ದನ್ನು ಯಾರಾದರೂ ಬಗ್ಗಿ ನೋಡಲಿ ಎಂಬುದಷ್ಟೇ ಅವನ ಆಸೆ.

ಹೊಸದನ್ನೇ ಹಾಡುತ್ತೇವೆ ಎಂದವರು

ಈಗ ಐರನ್ ಮೇಡನ್ ತಂಡಕ್ಕೆ ಬರೋಣ. ಈ ಹೆಸರು ಕೇಳಿದೊಡನೆ ನಮ್ಮಲ್ಲಿ ಕೆಲವರು ಹುಬ್ಬುಗಂಟಿಕ್ಕುವುದುಂಟು. ಅದಕ್ಕೆ ಕಾರಣ 1982ರ ಅವರ ಆಲ್ಬಂ. ಪ್ರಕಟನಾ ಗ್ರಂಥದ 13ನೇ ಅಧ್ಯಾಯದ ಮೃಗದ ಸಂಖ್ಯೆಯನ್ನೇ ಅದರ ಹೆಸರಾಗಿಸಿದ್ದರು. ಅಮೆರಿಕದ ಕೆಲವು ಕ್ರೈಸ್ತ ಗುಂಪುಗಳು ಸೈತಾನನ ಆರಾಧನೆಯೆಂದು ಸಿಟ್ಟಾಗಿ ಅವರ ಧ್ವನಿತಟ್ಟೆಗಳನ್ನು ಸುಟ್ಟವು. ಆ ಹಾಡು ಹುಟ್ಟಿದ್ದು ತಂಡದ ಸ್ಥಾಪಕ ಸ್ಟೀವ್ ಹ್ಯಾರಿಸ್ ಒಂದು ಭಯಾನಕ ಚಲನಚಿತ್ರ ನೋಡಿದ ಮೇಲೆ ಕಂಡ ದುಃಸ್ವಪ್ನದಿಂದ. ಅದರಲ್ಲಿರುವುದು ಕೆಡುಕಿನ ಭಯವೇ ಹೊರತು ಕೆಡುಕಿನ ಪೂಜೆಯಲ್ಲ. ಅದೇ ವರ್ಷದ ಕೊನೆಗೆ ತಂಡ ಸೇರಿದ ಡ್ರಮ್ ವಾದಕ ನಿಕೋ ಮೆಕ್‌ಬ್ರೇನ್ 1999ರಲ್ಲಿ ಕ್ರೈಸ್ತ ವಿಶ್ವಾಸಕ್ಕೆ ಒಲಿದರು, ತಂಡವನ್ನೂ ಬಿಡಲಿಲ್ಲ. ಹಾಡನ್ನು ಕೇಳದೆ ಹೊದಿಕೆಯನ್ನು ಮಾತ್ರ ನೋಡಿ ತೀರ್ಪು ಕೊಟ್ಟ ಆ ಗುಂಪುಗಳೂ ಒಂದು ಬಗೆಯ ವಿಮರ್ಶಕರೇ. ಕೇಳದೆ ಸುಡುವುದಕ್ಕೂ ಕೇಳದೆ ಕೊಂಡಾಡುವುದಕ್ಕೂ ಹೆಚ್ಚು ಅಂತರವಿಲ್ಲ.

2006ರ ಆಗಸ್ಟಿನಲ್ಲಿ ಈ ತಂಡದ 'ಎ ಮ್ಯಾಟರ್ ಆಫ್ ಲೈಫ್ ಆ್ಯಂಡ್ ಡೆತ್' ಎಂಬ ಆಲ್ಬಂ ಬಂತು. ಹತ್ತು ಹಾಡು, ಒಟ್ಟು ಒಂದು ಗಂಟೆ ಹನ್ನೆರಡು ನಿಮಿಷದಷ್ಟು ದೀರ್ಘ. ಹೆಸರೇ ಹೇಳುವಂತೆ ಇಲ್ಲಿನ ವಸ್ತು ಬದುಕು ಮತ್ತು ಸಾವು, ಅದರಲ್ಲೂ ಯುದ್ಧ. ಒಂದು ಹಾಡು 1944ರಲ್ಲಿ ನಾರ್ಮಂಡಿಯ ಕಡಲತೀರದಲ್ಲಿ ಇಳಿದ ಸೈನಿಕರದು. ಇನ್ನೊಂದು ಅಣುಬಾಂಬನ್ನು ಕುರಿತದ್ದು. 'ಫಾರ್ ದಿ ಗ್ರೇಟರ್ ಗುಡ್ ಆಫ್ ಗಾಡ್' ಎಂಬ ಮತ್ತೊಂದು ದೀರ್ಘಗೀತೆ ದೇವರ ಹೆಸರಿನಲ್ಲಿ ಮನುಷ್ಯರು ಮಾಡುವ ಹತ್ಯೆಯನ್ನು ಪ್ರಶ್ನಿಸುತ್ತದೆ. ಇರಾಕಿನಲ್ಲಿ ಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ಅದು ಬರಿಯ ಕಾಲ್ಪನಿಕ ವಸ್ತುವಾಗಿರಲಿಲ್ಲ. ಯಾವ ಧರ್ಮದವರೇ ಆಗಲಿ, ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಬೇಕಾದ ಹಾಡು ಅದು.

ಅಣ್ಣನ ಮಗನ ಒತ್ತಾಯಕ್ಕೆ ನಾನು ಇದನ್ನು ಮೂರು ಬಾರಿ ಕೇಳಿದೆ. ಮೊದಲ ಸಲ ತಲೆನೋವು ಬಂತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಎರಡನೆಯ ಸಲ ದೋಷಗಳು ಕಂಡವು. ಹಲವು ಹಾಡುಗಳು ಒಂದೇ ರೀತಿ ಆರಂಭವಾಗುತ್ತವೆ: ಮೊದಲು ಮೆಲ್ಲಗೆ ಮೀಟುವ ತಂತಿ, ಆಮೇಲೆ ಕುದುರೆಯೋಟ. ಪಲ್ಲವಿಗಳನ್ನು ಅಗತ್ಯಕ್ಕಿಂತ ಹೆಚ್ಚು ಸಲ ಹೇಳುತ್ತಾರೆ. ಮೂರನೆಯ ಸಲ ಬೇರೊಂದು ಸಂಗತಿ ಕೇಳಿಸಿತು. ಧ್ವನಿಮುದ್ರಣದ ಕೊನೆಯಲ್ಲಿ ಎಲ್ಲರೂ ಮಾಡುವ ಹೊಳಪಿನ ಕೆಲಸವನ್ನು ಇವರು ಬೇಕೆಂದೇ ಮಾಡಿಸಿರಲಿಲ್ಲವಂತೆ. ಹಾಗಾಗಿ ಧ್ವನಿಯಲ್ಲಿ ಒಂದು ಒರಟುತನ, ಎದುರಿಗೇ ನಿಂತು ಹಾಡುತ್ತಿರುವಂಥ ಸಾಮೀಪ್ಯ ಉಳಿದಿದೆ. ಗಾಯಕನ ಕಂಠ ಮೇಲಿನ ಸ್ವರಗಳಲ್ಲಿ ಕೊಂಚ ಬಿರಿಯುತ್ತದೆ. ಯುದ್ಧದಲ್ಲಿ ಮಡಿದವರ ಬಗ್ಗೆ ಹಾಡುವಾಗ ಆ ಬಿರಿತವೇ ಹೆಚ್ಚು ಸತ್ಯವೆನಿಸಿತು. ಇಪ್ಪತ್ತೈದರ ಹರೆಯದಲ್ಲಿ ಇವರು ಇದನ್ನು ಹಾಡಲಾರದವರಾಗಿದ್ದರು. ಇದು ಐವತ್ತರ ಹಾಡು.

ವಿಮರ್ಶಕರಲ್ಲಿ ಬಹುಪಾಲು ಇದನ್ನು ಮೆಚ್ಚಿದರು. ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದ ಅವರ ಮೊದಲ ಆಲ್ಬಂ ಇದೇ. ಆದರೆ ಅಭಿಮಾನಿಗಳ ಪರೀಕ್ಷೆ ಬೇರೆಯಿತ್ತು. ಆ ವರ್ಷದ ಸಂಚಾರದಲ್ಲಿ ತಂಡ ಒಂದು ಸಾಹಸ ಮಾಡಿತು. ಹೊಸ ಆಲ್ಬಮ್ಮಿನ ಹತ್ತೂ ಹಾಡುಗಳನ್ನು ಒಂದೂ ಬಿಡದೆ, ಅದೇ ಕ್ರಮದಲ್ಲಿ ವೇದಿಕೆಯ ಮೇಲೆ ಹಾಡಿತು. ಹಳೆಯ ಹಾಡುಗಳಿಗೆ ಕೊನೆಯಲ್ಲಿ ಸ್ವಲ್ಪ ಜಾಗ ಉಳಿಯಿತು, ಅಷ್ಟೆ. ಕೆಲವರು ಇದನ್ನು ಧೀರತನವೆಂದರು. ಹಣ ಕೊಟ್ಟು ಬಂದವರಿಗೆ ಮಾಡಿದ ಮೋಸವೆಂದು ಗೊಣಗಿದವರೂ ಕಡಿಮೆಯಿರಲಿಲ್ಲ. ಮರುವರ್ಷ ಬೆಂಗಳೂರಿಗೆ ಬರುವ ಹೊತ್ತಿಗೆ ಪಟ್ಟಿ ಬದಲಾಗಿತ್ತು. ಹೊಸವು ಅರ್ಧಕ್ಕಿಳಿದು, 1982ರ ಹಾಡುಗಳು ಮರಳಿದ್ದವು. 2025ರ ಹೊತ್ತಿಗೆ ಆ ಹತ್ತರಲ್ಲಿ ಒಂದೂ ಉಳಿಯಲಿಲ್ಲ. ಆ ಹಾಡುಗಳಿಗೆ ತಾಳವಾಗಿದ್ದ ಮೆಕ್‌ಬ್ರೇನ್ 2023ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ, ಚೇತರಿಸಿಕೊಂಡು ನುಡಿಸಿ, 2024ರ ಡಿಸೆಂಬರಿನಲ್ಲಿ ಸಂಚಾರದಿಂದ ನಿವೃತ್ತರಾದರು. ಹೊಸದನ್ನೇ ಹಾಡುತ್ತೇವೆಂದು ಹೊರಟವರು ಹತ್ತೊಂಬತ್ತು ವರ್ಷಗಳಲ್ಲಿ ಹಳೆಯದಕ್ಕೇ ಶರಣಾದರು. ಇದು ಅವರ ಸೋಲೋ, ಕೇಳುಗರ ಸೋಲೋ, ನೀವೇ ಹೇಳಿ.

ಎಲ್ಲರೂ ಕೈಬಿಟ್ಟ ಕೂಸು

ಮೆಟಾಲಿಕಾದ ಕಥೆ ಇನ್ನೂ ಕಠಿಣ. 2011ರ ಅಕ್ಟೋಬರಿನ ಆ ರಾತ್ರಿ ಅರಮನೆ ಮೈದಾನದಲ್ಲಿ ಜನ ಮೈಮರೆತು ಕುಣಿದರು. ಮಾರನೆಯ ದಿನವೇ ಅವರ ಹೊಸ ಆಲ್ಬಂ 'ಲುಲು' ಯುರೋಪಿನಲ್ಲಿ ಬಿಡುಗಡೆಯಾಯಿತು. ಬೆಂಗಳೂರಿನಲ್ಲಿ ಅದರ ಒಂದು ಹಾಡನ್ನೂ ಅವರು ಹಾಡಿರಲಿಲ್ಲ. ಹಿರಿಯ ಗೀತಕಾರ ಲೂ ರೀಡ್ ಅವರೊಡನೆ ಸೇರಿ, ಜರ್ಮನ್ ನಾಟಕಕಾರ ವೆಡೆಕಿಂಡ್‌ನ ನಾಟಕಗಳನ್ನು ಆಧರಿಸಿ ಕಟ್ಟಿದ ಕೃತಿ ಅದು. ರೀಡ್ ಹಾಡುವುದಕ್ಕಿಂತ ಹೆಚ್ಚಾಗಿ ಒಣಗಿದ ದನಿಯಲ್ಲಿ ನುಡಿಯುತ್ತಾರೆ. ಹಿಂದೆ ಗಿಟಾರುಗಳು ಗುಡುಗುತ್ತವೆ. ಅಮೆರಿಕದ ಹೆಸರಾಂತ ವಿಮರ್ಶಾ ವೇದಿಕೆ 'ಪಿಚ್‌ಫೋರ್ಕ್' ಅದಕ್ಕೆ ಹತ್ತರಲ್ಲಿ ಒಂದು ಅಂಕ ಕೊಟ್ಟಿತು. ಅಭಿಮಾನಿಗಳು ಅದನ್ನು ಗೇಲಿಯ ವಸ್ತುವಾಗಿಸಿದರು. ವಿಮರ್ಶಕರೂ ಅಭಿಮಾನಿಗಳೂ ಒಮ್ಮತಕ್ಕೆ ಬಂದ ಅಪರೂಪದ ಪ್ರಸಂಗವಿದು.

2013ರಲ್ಲಿ ಲೂ ರೀಡ್ ತೀರಿಕೊಂಡರು. ಅದು ಅವರ ಕೊನೆಯ ದೊಡ್ಡ ಕೃತಿಯಾಯಿತು. 2015ರಲ್ಲಿ ಅವರಿಗೆ ಮರಣೋತ್ತರ ಗೌರವ ಸಂದಾಗ ಪತ್ನಿ ಲಾರಿ ಆ್ಯಂಡರ್ಸನ್ ಒಂದು ವಿಷಯ ತಿಳಿಸಿದರು. ಗಾಯಕ ಡೇವಿಡ್ ಬೋವಿ, ಇದೇ ಲೂ ಅವರ ಅತ್ಯಂತ ಶ್ರೇಷ್ಠ ಕೃತಿ, ಜನ ಇದನ್ನು ಅರಿಯಲು ಸಮಯ ಬೇಕಾಗುತ್ತದೆ ಎಂದು ಅಭಿಪ್ರಾಯಪಟ್ಟಿದ್ದರಂತೆ. ಬೋವಿ ಹೇಳಿದ್ದು ಸರಿಯೆಂದು ನಾನು ವಾದಿಸುವುದಿಲ್ಲ. ಆ ಕೃತಿಯ ಕೆಲವು ಭಾಗಗಳು ನನಗೆ ಅಸಹನೀಯವೇ. ವಸ್ತುವೂ ಮನೆಮಂದಿಯೆಲ್ಲ ಕುಳಿತು ಕೇಳುವಂಥದಲ್ಲ. ಆದರೆ ಒಂದು ವಾರದಲ್ಲಿ ಕೊಟ್ಟ ತೀರ್ಪು ಕೊನೆಯ ತೀರ್ಪಾಗಬೇಕಿಲ್ಲ ಎಂಬುದನ್ನು ಅದು ಕಲಿಸುತ್ತದೆ.

ತಕ್ಕಡಿಯಲ್ಲಿನ ದೋಷ

ಓದುಗರೇ, ದೋಷವಿರುವುದು ತಕ್ಕಡಿಯಲ್ಲಿ. ವಿಮರ್ಶಕನಿಗೆ ಹೊಸ ಆಲ್ಬಂ ಸಿಗುವುದು ಬಿಡುಗಡೆಗೆ ಕೆಲವೇ ದಿನಗಳ ಮುಂಚೆ. ಎರಡು ಮೂರು ಬಾರಿ ಕೇಳಿ ಪತ್ರಿಕೆಗೆ ಬರೆದುಕೊಡಬೇಕು. ಅಭಿಮಾನಿಯ ಬಳಿ ಹಳೆಯ ಹಾಡಿನೊಂದಿಗೆ ಕಳೆದ ಇಪ್ಪತ್ತು ವರ್ಷಗಳಿವೆ. ಕಾಲೇಜಿನ ದಿನಗಳು, ಮೊದಲ ಸಂಬಳ, ಕಳೆದುಕೊಂಡ ಗೆಳೆಯ, ಇವೆಲ್ಲ ಆ ಹಾಡಿನ ಒಳಗೆ ಸೇರಿಹೋಗಿವೆ. ಹೊಸ ಹಾಡು ಬರಿಗೈಯಲ್ಲಿ ಬರುತ್ತದೆ. ಒಂದು ತಟ್ಟೆಯಲ್ಲಿ ಇಪ್ಪತ್ತು ವರ್ಷ, ಇನ್ನೊಂದರಲ್ಲಿ ಒಂದು ವಾರ. ತಕ್ಕಡಿ ಯಾವ ಕಡೆ ವಾಲೀತು? 'ಮೊದಲಿನಂತಿಲ್ಲ' ಎಂದು ನಾವು ಹೊಸ ಹಾಡನ್ನು ದೂರುವಾಗ ನಿಜವಾಗಿ ಮೊದಲಿನಂತಿಲ್ಲದವರು ನಾವು. ಕಳೆದುಹೋದ ನಮ್ಮ ಹರೆಯವನ್ನು ಹಾಡುಗಾರನಿಂದ ವಸೂಲಿ ಮಾಡಲು ಹೊರಟಿರುತ್ತೇವೆ.

ಲೂಕನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಹೊಸ ದ್ರಾಕ್ಷಾರಸ ಮತ್ತು ಹಳೆಯ ಬುದ್ದಲಿಗಳ ಸಾಮತಿ ನಮಗೆಲ್ಲ ಗೊತ್ತು. ಅದರ ಕೊನೆಯಲ್ಲಿ ಲೂಕ ಮಾತ್ರ ದಾಖಲಿಸಿರುವ ಒಂದು ಮಾತಿದೆ. ಹಳೆಯ ರಸ ಕುಡಿದವನು ಹೊಸದನ್ನು ಬಯಸುವುದಿಲ್ಲ, ಹಳೆಯದೇ ಚೆನ್ನ ಎನ್ನುತ್ತಾನೆ ಎಂಬ ಅರ್ಥದ ಮಾತು. ಯೇಸು ಇಲ್ಲಿ ಮನುಷ್ಯನ ನಾಲಿಗೆಯ ಸ್ವಭಾವವನ್ನು ಎಷ್ಟು ನಸುನಗೆಯಿಂದ ಬಲ್ಲವರಾಗಿದ್ದರು! ಇನ್ನೊಂದೆಡೆ 96 ಮತ್ತು 98ನೇ ಕೀರ್ತನೆಗಳು ಹೊಸ ಹಾಡಿನ ಕರೆಯಿಂದಲೇ ಆರಂಭವಾಗುತ್ತವೆ. ಹಳೆಯದರ ರುಚಿಯನ್ನು ಬಲ್ಲ ನಾಲಿಗೆಗೇ ಹೊಸದರ ಕರೆಯೂ ಬಂದಿದೆ.

ಹಾಗೆಂದು ಹೊಸದೆಲ್ಲ ಒಳ್ಳೆಯದಲ್ಲ. ಹಿರಿಯ ತಂಡಗಳು ಹೆಸರಿನ ಬಲದಿಂದ ಹಳಸಿದ್ದನ್ನು ಬಿಸಿಮಾಡಿ ಬಡಿಸುವುದುಂಟು. ಅಂಥದನ್ನು ಹಳಸಿದ್ದೆಂದು ಹೇಳುವ ಧೈರ್ಯ ವಿಮರ್ಶಕನಿಗೆ ಇರಲೇಬೇಕು. ನಾನು ಬೇಡುವುದು ಮೆಚ್ಚುಗೆಯನ್ನಲ್ಲ, ಕಿವಿಯನ್ನು. ಬಡಿಸಿದ್ದನ್ನು ಒಂದು ತುತ್ತಾದರೂ ಉಂಡು, ಉಪ್ಪು ಹೆಚ್ಚೋ ಕಡಿಮೆಯೋ ಹೇಳುವುದು ಅಡುಗೆಯವನಿಗೆ ತೋರುವ ಗೌರವ. ಎಲೆಯನ್ನೇ ಮುಟ್ಟದೆ 'ನಿನ್ನೆಯ ಊಟ ಚೆನ್ನಾಗಿತ್ತು' ಎನ್ನುವುದು ಅಗೌರವ.

ನಮ್ಮ ನಾಡಿನಲ್ಲೇ ನೋಡಿ. ಶಿಶುನಾಳ ಷರೀಫರು (1819–1889) ಕಟ್ಟಿದ ಪದಗಳು ಏಕತಾರಿಯ ಜೊತೆ ಭಜನೆಯ ಮನೆಗಳಲ್ಲಿ ಉಳಿದುಬಂದವು. ಅಶ್ವಥ್ ಅವರು ಧ್ವನಿಸುರುಳಿಗಳಲ್ಲಿ, ಬಳಿಕ 1990ರ ನಾಗಾಭರಣರ ಚಲನಚಿತ್ರದಲ್ಲಿ ಆ ಪದಗಳಿಗೆ ತಮ್ಮ ಎತ್ತರದ ಕಂಠವನ್ನೂ ವಾದ್ಯವೃಂದವನ್ನೂ ಕೊಟ್ಟಾಗ ಭಜನೆಯ ಸೊಗಸು ಕೆಟ್ಟಿತೆಂದು ಮುಖ ಸಿಂಡರಿಸಿದವರಿದ್ದರು. 2008ರಲ್ಲಿ ರಘು ದೀಕ್ಷಿತರ ತಂಡ ಅದೇ ಷರೀಫರನ್ನು ಗಿಟಾರು, ಡ್ರಮ್ಮುಗಳೊಡನೆ ಹಾಡಿದಾಗ 'ಅಶ್ವಥ್ ಹಾಡಿದಂತಿಲ್ಲ' ಎಂಬ ದೂರು ಬಂತು. ನಿನ್ನೆ ಹೊಸದೆಂದು ದೂರಿಸಿಕೊಂಡದ್ದೇ ಇಂದು ಹಳೆಯದರ ಮಾದರಿಯಾಗಿ ನಿಂತಿತು! ಷರೀಫರ ಪದ ಬದುಕಿ ಉಳಿದದ್ದು ಪ್ರತಿ ಪೀಳಿಗೆಯಲ್ಲಿ ಯಾರೋ ಒಬ್ಬರು ದೂರಿಗೆ ಹೆದರದೆ ಅದನ್ನು ಹೊಸದಾಗಿ ಹಾಡಿದ್ದರಿಂದ.

ಒಂದು ತಪ್ಪೊಪ್ಪಿಗೆ

ಆರಂಭದಲ್ಲಿ ಹೇಳಿದ ತಪ್ಪೊಪ್ಪಿಗೆಗೆ ಬರುತ್ತೇನೆ. ನಮ್ಮ ಕಡೆಯ ಹಳ್ಳಿಯೊಂದರಲ್ಲಿ ತತ್ವಪದ ಹೇಳುವ ಹಿರಿಯರೊಬ್ಬರಿದ್ದರು. ಎಲ್ಲರಿಗೂ ಅವರು ಮುತ್ಯಾ. ಅಮಾವಾಸ್ಯೆಯ ರಾತ್ರಿ ಪೇಟಿ, ತಾಳ, ಏಕತಾರಿಗಳೊಡನೆ ಕುಳಿತರೆ ಬೆಳಗಿನವರೆಗೂ ಕಡಕೋಳ ಮಡಿವಾಳಪ್ಪನವರ ಪದಗಳು. ಜಾತಿ ಮತ ನೋಡದೆ ಎಲ್ಲರೂ ಹೋಗಿ ಕೂಡುತ್ತಿದ್ದೆವು. ಒಂದು ರಾತ್ರಿ ಅವರು ಏಕತಾರಿಯನ್ನು ಶ್ರುತಿ ಮಾಡುತ್ತ, ಸ್ವಲ್ಪ ಸಂಕೋಚದಿಂದ, 'ಒಂದ್ ಹೊಸ ಪದ ಕಟ್ಟೀನಿ, ಕೇಳ್ತೀರೇನು?' ಎಂದರು. ಎರಡು ನುಡಿ ಹೇಳಿದರು. ಮಕ್ಕಳು ಪಟ್ಟಣಕ್ಕೆ ಹೋಗಿ ಖಾಲಿಯಾದ ಮನೆಯ ಬಗ್ಗೆ ಏನೋ ಇತ್ತು. ಧಾಟಿ ಹೊಸದಾಗಿತ್ತು, ತಾಳ ಹಿಡಿದವರಿಗೆ ಸಿಗಲಿಲ್ಲ. ಗುಂಪಿನಲ್ಲಿ ಗುಜುಗುಜು ಎದ್ದಿತು. ಆಗ ಒಂದು ದನಿ, 'ಮುತ್ಯಾ, ಅದು ಬ್ಯಾಡ್ರಿ, ಹಳೀ ಪದಾನೇ ಹೇಳ್ರಿ' ಎಂದಿತು. ಎಲ್ಲರೂ ಹೌದೆಂದರು. ಅವರು ನಕ್ಕು ಹಳೆಯ ಪದ ಎತ್ತಿಕೊಂಡರು. ಎಂದಿನಂತೆ ಅದ್ಭುತವಾಗಿತ್ತು.

ಆ ದನಿ ನನ್ನದು.

ಮುತ್ಯಾ ಆ ಪದವನ್ನು ಮತ್ತೆ ಹೇಳಲಿಲ್ಲ. ಅವರು ತೀರಿಕೊಂಡ ಮೇಲೆ ನಾವು ಕೆಲವರು ಅದನ್ನು ನೆನಪಿಸಿಕೊಳ್ಳಲು ಯತ್ನಿಸಿದೆವು. ಒಬ್ಬರಿಗೂ ಒಂದು ಪೂರ್ಣ ಸಾಲು ನೆನಪಿಲ್ಲ. ಅವರು ಅಕ್ಷರ ಬಲ್ಲವರಾಗಿರಲಿಲ್ಲ, ಬರೆದಿಟ್ಟವರೂ ಇರಲಿಲ್ಲ. ಮಡಿವಾಳಪ್ಪನವರ ಪದಗಳು ಗ್ರಂಥಗಳಲ್ಲಿ ಭದ್ರವಾಗಿವೆ, ಸಾವಿರ ಕಂಠಗಳಲ್ಲಿ ಇವೆ. ಮುತ್ಯಾನ ಪದ ಇದ್ದದ್ದು ಒಂದೇ ಕಂಠದಲ್ಲಿ. ಈಗ ನನ್ನ ಮಗಳೂ ದೂರದ ಊರಿನಲ್ಲಿದ್ದಾಳೆ. ಸಂಜೆ ದೀಪ ಹಚ್ಚಿದಾಗ, ಖಾಲಿ ಮನೆಯ ಬಗ್ಗೆ ಆ ಹಿರಿಯರು ಏನು ಹೇಳಹೊರಟಿದ್ದರೋ ಎಂದು ನೆನೆಯುತ್ತೇನೆ. ಕೇಳುವ ಅವಕಾಶ ನನಗಿತ್ತು.

ಲೋಕಪ್ರಸಿದ್ಧ ತಂಡಗಳ ಹೊಸ ಆಲ್ಬಂಗಳಿಗೆ ನಮ್ಮಿಂದ ಆಗಬೇಕಾದ್ದೇನೂ ಇಲ್ಲ. ಇಂದು ಯಾರೂ ಕೇಳದಿದ್ದರೂ ಅವು ಅಚ್ಚಳಿಯದೆ ಉಳಿಯುತ್ತವೆ, ನಾಳೆ ಇನ್ನೊಬ್ಬ ಕೇಳಿಯಾನು. ಆದರೆ ನಿಮ್ಮ ಮನೆಯ ಅಜ್ಜಿ ಬೀಸುಕಲ್ಲಿನ ಹಳೆಯ ಪದದ ನಡುವೆ ಹೊಸದೊಂದು ನುಡಿ ಸೇರಿಸಿದರೆ, ನಿಮ್ಮೂರಿನ ಹಿರಿಯ ಹಾಡುಗಾರ ಸಂಕೋಚದಿಂದ 'ಕೇಳ್ತೀರೇನು?' ಎಂದರೆ, ಎರಡು ನುಡಿಗೇ ನಿಲ್ಲಿಸಬೇಡಿ. ಕೊನೆಯವರೆಗೆ ಕೇಳಿ. ಚೆನ್ನಾಗಿಲ್ಲದಿದ್ದರೆ ಹಾಗೆಂದೇ ಹೇಳಿ, ಅವರು ತಿದ್ದಿಕೊಂಡಾರು. ಅಣ್ಣನ ಮಗನಿಗೂ ಇದನ್ನೇ ಹೇಳಿದ್ದೇನೆ: ಮುಂದಿನ ಸಲ ಹೊಸ ಹಾಡು ಶುರುವಾದಾಗ ನೀರು ಕುಡಿಯಲು ಹೋಗಬೇಡ, ಬಾಯಾರಿದ್ದರೂ ಸ್ವಲ್ಪ ತಡೆದುಕೋ.